ಮಗ್ಗ, ಆರ್ಗನ್ ಮತ್ತು ಒಂಬತ್ತು ಸಾವಿರ ಸುತ್ತು

ನಿಂತಲ್ಲೇ ಎಕ್ಸಲರೇಟರನ್ನು ಒಮ್ಮೆಲೇ ತುಳಿದರೆ ಲೆಕ್ಸಸ್ ಎಲ್‌ಎಫ್‌ಎ ಕಾರಿನ ಎಂಜಿನ್ 0.6 ಸೆಕೆಂಡಿನಲ್ಲಿ 9000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 9000 ಸುತ್ತು, ಮುಟ್ಟುತ್ತದೆ. ಆ ಸುತ್ತು ತೋರಿಸುವ ಮೀಟರಿನೊಳಗಿನ ಮುಳ್ಳು ಎಷ್ಟೇ ಹಗುರವಾಗಿರಲಿ, ಅದಕ್ಕೂ ತೂಕವೊಂದು ಇದ್ದೇ ಇರುತ್ತದಲ್ಲ. ಈ ಎಂಜಿನ್ನಿನ ಬೆನ್ನು ಹತ್ತಲು ಅದರಿಂದ ಆಗಲಿಲ್ಲ. ಎಂಜಿನ್ ತುದಿ ಮುಟ್ಟಿ ಆದಮೇಲೂ ಮುಳ್ಳು ಇನ್ನೂ ದಾರಿಯಲ್ಲೇ ಇರುತ್ತಿತ್ತು. ಕೊನೆಗೆ ಎಂಜಿನಿಯರುಗಳು ನಿಜವಾದ ಮುಳ್ಳಿನ ಆಸೆ ಬಿಟ್ಟು, ಪರದೆಯ ಮೇಲೆ ಬೆಳಕಿನಲ್ಲಿ ಬರೆದ ಮುಳ್ಳನ್ನು ಕೂರಿಸಿದರು.

ಈ ಕಾಲದ ಸ್ಪೋರ್ಟ್ಸ್ ಕಾರೊಂದು ಕ್ಲಾಸಿಕ್ ಆಗಿ ಉಳಿಯಬಲ್ಲದೇ, ಐವತ್ತು ವರ್ಷ ಕಳೆದಮೇಲೂ ಜನ ಅದರ ಮುಂದೆ ನಿಂತು ನೋಡುತ್ತಾರೆಯೇ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಮುಳ್ಳು. ಆ ಕಾರಿನ ಹಿರಿಮೆ ಇರುವುದು ಅಲ್ಲೇ, ಅದರ ಆಯುಸ್ಸಿನ ಬಗ್ಗೆ ಇರುವ ಆತಂಕವೂ ಅಲ್ಲೇ. ಎರಡನ್ನೂ ತೂಗಿ ನೋಡಿಯೇ ಹೇಳುತ್ತೇನೆ: ಎಲ್‌ಎಫ್‌ಎ ಉಳಿಯುತ್ತದೆ. ಅದರ ಜೊತೆಯಲ್ಲಿ ಹುಟ್ಟಿದ, ಅದಕ್ಕಿಂತ ಹೆಚ್ಚು ಹೊಗಳಿಸಿಕೊಂಡ ಎಷ್ಟೋ ಕಾರುಗಳ ಬಗ್ಗೆ ನನಗೆ ಈ ಭರವಸೆ ಇಲ್ಲ.

ಲೆಕ್ಸಸ್ ಟೊಯೋಟಾದ್ದೇ ಬ್ರ್ಯಾಂಡ್. ನಮಗೆ ಟೊಯೋಟಾ ಎಂದರೆ ಬಿಡದಿಯ ಕಾರ್ಖಾನೆ. 1999ರ ಕೊನೆಯಲ್ಲಿ ಅಲ್ಲಿಂದ ಕ್ವಾಲಿಸ್ ಹೊರಬರತೊಡಗಿತು, ಆಮೇಲೆ ಇನ್ನೋವಾ. ಮದುವೆ ದಿಬ್ಬಣಕ್ಕೆ, ಧರ್ಮಸ್ಥಳದ ಯಾತ್ರೆಗೆ, ವಿಮಾನ ನಿಲ್ದಾಣದ ಬಾಡಿಗೆಗೆ ಒದಗುವ, ಕೈಕೊಡದ ಗಾಡಿಗಳು. ಅಂಥ ಗಾಡಿಗಳನ್ನು ಲಕ್ಷಗಟ್ಟಲೆ ಮಾಡುವ ಕಂಪನಿ 2000ದ ಸುಮಾರಿಗೆ ಲಾಭದ ಲೆಕ್ಕವನ್ನು ಬದಿಗಿಟ್ಟು ಒಂದು ಕಾರಿಗೆ ಕೈಹಾಕಿತು. ಹರುಹಿಕೊ ತನಹಾಶಿ ಅದರ ಮುಖ್ಯ ಎಂಜಿನಿಯರ್. ಮೊದಲು ಅಲ್ಯೂಮಿನಿಯಂ ಮೈಯ ಕಾರನ್ನೇ ರೂಪಿಸುತ್ತಿದ್ದರು. ಐದು ವರ್ಷ ಅದಕ್ಕಾಗಿ ದುಡಿದಮೇಲೆ, 2005ರಲ್ಲಿ, ಇದು ಸಾಲದು, ಕಾರ್ಬನ್ ಫೈಬರ್ ಬೇಕು ಎಂದು ಮೈಯ ಕೆಲಸವನ್ನು ಮತ್ತೆ ಮೊದಲಿನಿಂದ ಹಿಡಿದರು. ಅದೇ ಹೊತ್ತಿಗೆ ಇಡೀ ಯೋಜನೆಯೇ ನಿಂತುಹೋಗಬಹುದಿತ್ತು. ನಿಲ್ಲಲಿಲ್ಲ. ಮಾರಾಟದ ಮಾದರಿ ಟೋಕಿಯೊ ಮೋಟಾರ್ ಷೋನಲ್ಲಿ ಕಂಡದ್ದು 2009ರಲ್ಲಿ. ತಯಾರಿ ನಡೆದದ್ದು 2010ರ ಡಿಸೆಂಬರಿನಿಂದ 2012ರ ಡಿಸೆಂಬರಿನವರೆಗೆ, ಮೊಟೊಮಾಚಿ ಕಾರ್ಖಾನೆಯಲ್ಲಿ, ತಿಂಗಳಿಗೆ 20ರಂತೆ. ಒಟ್ಟು 500 ಕಾರು. ಅಲ್ಲಿಗೆ ಮುಗಿಯಿತು.

ಕಾರ್ಬನ್ ಫೈಬರ್ ಎಂದರೆ ನೂಲು. ಕೂದಲಿಗಿಂತ ಸಪೂರವಾದ ಕರಿ ಎಳೆಗಳನ್ನು ಬಟ್ಟೆಯಾಗಿ ನೇಯ್ದು, ಅಂಟು ಕುಡಿಸಿ, ಶಾಖಕ್ಕೆ ಒಡ್ಡಿ ಗಟ್ಟಿ ಮಾಡುವುದು. ಹಾಗೆ ನೋಡಿದರೆ ನೂಲಿನ ವಿಷಯದಲ್ಲಿ ಟೊಯೋಟಾಕ್ಕೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕಾರಿನ ಕಂಪನಿಯಾಗುವ ಮೊದಲು ಅದನ್ನು ಕಟ್ಟಿದ ಟೊಯೋಡಾ ಮನೆತನದ್ದು ಮಗ್ಗದ ಉದ್ಯಮ. ಸಕಿಚಿ ಟೊಯೋಡಾ ಹುಟ್ಟಿದ್ದು 1867ರಲ್ಲಿ, ಹಮಾನಾ ಸರೋವರದ ಪಡುವಣ ದಡದ ಹಳ್ಳಿಯಲ್ಲಿ. ಈಗ ಅದು ಕೊಸಾಯ್ ಊರಿಗೆ ಸೇರಿದೆ. ಬಡಗಿಯ ಮಗ. ತಾಯಿ ಮನೆಯಲ್ಲಿ ಮಗ್ಗದ ಮುಂದೆ ಕೂತು ನೇಯುವುದನ್ನು ನೋಡುತ್ತ ಬೆಳೆದವರು. 1890ರಲ್ಲಿ ಮರದ ಕೈಮಗ್ಗವೊಂದನ್ನು ಸುಧಾರಿಸಿದರು. 1906ರಲ್ಲಿ ದುಂಡು ಮಗ್ಗವನ್ನು ಕಂಡುಹಿಡಿದರು. ಸಾಧಾರಣ ಮಗ್ಗದಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ. ಪ್ರತಿ ಸಲವೂ ಹೊಡೆತ ತಿಂದು ನಿಂತು ಹಿಂದಿರುಗಬೇಕು, ಆ ಸದ್ದು ನೇಕಾರರ ಕೇರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ದುಂಡು ಮಗ್ಗದಲ್ಲಿ ಲಾಳಿ ನಿಲ್ಲುವುದಿಲ್ಲ. ವೃತ್ತದಲ್ಲಿ ಸುತ್ತುತ್ತಲೇ ಇರುತ್ತದೆ, ಬಟ್ಟೆ ಕೊಳವೆಯ ಆಕಾರದಲ್ಲಿ ಬೆಳೆಯುತ್ತದೆ.

ನಾಗೋಯಾದಲ್ಲಿ ಅವರ ಕೆಂಪಿಟ್ಟಿಗೆಯ ಹಳೆಯ ಗಿರಣಿಯನ್ನು 1994ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಬಾಗಿಲು ದಾಟಿ ಹಜಾರಕ್ಕೆ ಕಾಲಿಟ್ಟರೆ ಮೊದಲು ಎದುರಾಗುವುದು ಯಾವ ಕಾರೂ ಅಲ್ಲ, ಆಳೆತ್ತರಕ್ಕಿಂತ ದೊಡ್ಡದಾದ ಆ ದುಂಡು ಮಗ್ಗ. ಸಕಿಚಿಯವರ ಕಾಲದಲ್ಲಿ ಅದು ಮಾರುಕಟ್ಟೆಯನ್ನು ಗೆಲ್ಲಲಿಲ್ಲ. ಹಾಸಿನ ಒಂದೆಳೆ ಕಡಿದರೂ ತಾನಾಗಿ ನಿಲ್ಲುವ 1924ರ ಸ್ವಯಂಚಾಲಿತ ಮಗ್ಗವೇ ಅವರ ಹೆಸರನ್ನು ಹೊರದೇಶಕ್ಕೆ ಒಯ್ದದ್ದು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಅದರ ಹಕ್ಕನ್ನು ಕೊಂಡಿತು. ಮಗ ಕಿಇಚಿರೊ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದದ್ದು 1933ರಲ್ಲಿ.

ದುಂಡು ಮಗ್ಗದ ಆಲೋಚನೆಗೆ ಅದರ ಕೆಲಸ ಸಿಕ್ಕಿದ್ದು ನೂರು ವರ್ಷ ಕಳೆದಮೇಲೆ. ಕಾರಿನ ಮುಂಗಾಜಿನ ಎರಡು ಪಕ್ಕದಲ್ಲಿ ಎದ್ದು ಛಾವಣಿಯ ಅಂಚಾಗಿ ಹಿಂದಕ್ಕೆ ಬಾಗುವ ಕಂಬ ಇರುತ್ತದಲ್ಲ, ಅದು ತುಂಬ ಕಷ್ಟದ ಜಾಗ. ಸಪೂರವಾಗಿರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ದಾರಿಗೆ ಅಡ್ಡವಾಗುತ್ತದೆ. ಕಾರು ಮಗುಚಿಬಿದ್ದರೆ ಇಡೀ ಭಾರವನ್ನು ತಡೆಯಬೇಕು. ಎಲ್‌ಎಫ್‌ಎಗಾಗಿ ಟೊಯೋಟಾ ಕಾರ್ಬನ್ ನೂಲಿನ ದುಂಡು ಮಗ್ಗವೊಂದನ್ನೇ ಕಟ್ಟಿ ನಿಲ್ಲಿಸಿತು. ಉಂಗುರದ ಸುತ್ತ ಸಾಲಾಗಿ ಕರಿ ನೂಲಿನ ಉರುಳೆಗಳು, ನಡುವೆ ಕಂಬದ ಆಕಾರದ ಅಚ್ಚು. ಅಚ್ಚು ಮೆಲ್ಲಗೆ ಉಂಗುರದೊಳಗಿಂದ ಸಾಗುತ್ತಿದ್ದಂತೆ ಎಳೆಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದು, ಬಾಗಿದಲ್ಲಿ ಬಾಗಿ, ದಪ್ಪವಾದಲ್ಲಿ ಹರಡಿ, ಪದರದ ಮೇಲೆ ಪದರವಾಗಿ ಅದನ್ನು ಹೊದಿಸುತ್ತವೆ. ಎಲ್ಲೂ ಹೊಲಿಗೆ ಇಲ್ಲ, ಸೇರುವೆ ಇಲ್ಲ. ಚಪ್ಪಟೆ ಬಟ್ಟೆಯನ್ನು ಕತ್ತರಿಸಿ ಸುತ್ತಿದ್ದರೆ ಎಳೆ ಕಡಿದ ಜಾಗದಲ್ಲೆಲ್ಲ ಬಲ ಕುಂದುತ್ತಿತ್ತು.

ಈ ಕೆಲಸದ ವಿಡಿಯೊವನ್ನು ನೋಡುವಾಗ ನನ್ನ ಕಣ್ಣು ನಿಲ್ಲುವುದು ಎಳೆಗಳು ಅಚ್ಚನ್ನು ಮುಟ್ಟುವ ಆ ಒಂದು ಬಿಂದುವಿನಲ್ಲಿ. ಹೊರಗಡೆ ಎಲ್ಲ ತಿರುಗುತ್ತಿರುತ್ತದೆ. ಒಳಗೆ, ಎಳೆ ಎಳೆಯ ಮೇಲೆ ಬೀಳುವ ಕಡೆ, ಎಲ್ಲ ನಿಶ್ಚಲ. ನೂಲು ಅಲ್ಲಿ ವಸ್ತುವಾಗಿಬಿಡುತ್ತದೆ. ಕೊಂಡವರಿಗೆ ಇದು ಕಾಣುವುದಿಲ್ಲ. ಮೇಲೆ ಬಣ್ಣ ಬಳಿದು ಮುಚ್ಚಿರುತ್ತಾರೆ. ಕಾಣದ ಜಾಗದಲ್ಲಿ ಇಷ್ಟು ಕೆಲಸ ಮಾಡಿರುವುದೇ ಈ ಕಾರಿನ ಮೇಲಿನ ನನ್ನ ನಂಬಿಕೆಗೆ ದೊಡ್ಡ ಆಧಾರ.

ಈಗ ದನಿಯ ಮಾತು. ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಎಲ್‌ಎಫ್‌ಎಯ ಎಂಜಿನ್ನಿನಲ್ಲಿ 10 ಸಿಲಿಂಡರು, ಐದೈದರ ಎರಡು ಸಾಲು, ಸಾಲುಗಳ ನಡುವೆ 72 ಡಿಗ್ರಿ ಕೋನ. ಆ 72 ಸುಮ್ಮನೆ ಆಯ್ದುಕೊಂಡ ಅಂಕಿಯಲ್ಲ. ಎಂಜಿನ್ ಎರಡು ಸುತ್ತು, ಅಂದರೆ 720 ಡಿಗ್ರಿ, ತಿರುಗುವಷ್ಟರಲ್ಲಿ ಹತ್ತೂ ಸಿಲಿಂಡರುಗಳಲ್ಲಿ ಒಂದೊಂದು ಸಲ ಕಿಡಿ ಹೊತ್ತಬೇಕು. ಹತ್ತರಿಂದ ಭಾಗಿಸಿದರೆ 72. ಸ್ಫೋಟಗಳ ನಡುವಿನ ಅಂತರ ಎಲ್ಲಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಲಯ ತಪ್ಪುವುದೇ ಇಲ್ಲ. ಹೊಗೆ ಹೊರಹೋಗುವ ಕೊಳವೆಗಳನ್ನೂ ಒಂದೇ ಉದ್ದಕ್ಕೆ ಮಾಡಿದ್ದಾರೆ, ಒಂದು ಮಿಡಿತ ಇನ್ನೊಂದನ್ನು ತುಳಿಯಬಾರದೆಂದು. ಸಾವಿರ ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 83 ಮಿಡಿತ. 9000ದಲ್ಲಿ 750. ಮಂದ್ರದಿಂದ ಹೊರಟು ಮಧ್ಯವನ್ನು ಹಾಯ್ದು ತಾರಕ್ಕೆ ಏರಿ ಅದನ್ನೂ ತುಸು ದಾಟುವ ಏರಿಕೆ, ಮೂರು ಸ್ಥಾಯಿಗೂ ಮಿಗಿಲು, ಅದೂ ಒಂದೇ ಉಸಿರಿನಲ್ಲಿ.

ವಾಲ್ವುಗಳೂ ಕನೆಕ್ಟಿಂಗ್ ರಾಡುಗಳೂ ಟೈಟಾನಿಯಂ. ತೂಕ ಕಡಿಮೆಯಾದಷ್ಟೂ ಎಂಜಿನ್ ಏರುವುದೂ ಸುಲಭ, ಇಳಿಯುವುದೂ ಸುಲಭ. ಪ್ರತಿ ಸಿಲಿಂಡರಿಗೂ ಬೇರೆಯದೇ ಥ್ರಾಟಲ್. 4.8 ಲೀಟರಿನ ಈ ಎಂಜಿನ್ ಕೊಡುವ ಶಕ್ತಿ 560 ಪಿಎಸ್. ಟರ್ಬೊ ಇಲ್ಲ. ಟರ್ಬೊ ಇದ್ದಿದ್ದರೆ ಶಕ್ತಿ ಹೆಚ್ಚುತ್ತಿತ್ತು, ಆದರೆ ಹೊಗೆಯ ದಾರಿಯಲ್ಲಿ ತಿರುಗುವ ಚಕ್ರವೊಂದು ಕೂತು ದನಿಯನ್ನು ಮಬ್ಬಾಗಿಸುತ್ತಿತ್ತು.

ಎಂಜಿನ್ನಿನಲ್ಲಿ ಟೊಯೋಟಾದ ಜೊತೆಗಾರ ಯಮಹಾ. ಆ ಕಂಪನಿಯ ಕಥೆ ಶುರುವಾಗುವುದು 1887ರಲ್ಲಿ, ಹಮಾಮತ್ಸು ಊರಿನ ಶಾಲೆಯೊಂದರಲ್ಲಿ ಕೆಟ್ಟು ಕೂತಿದ್ದ, ಹಾರ್ಮೋನಿಯಂ ಕುಲದ ರೀಡ್ ಆರ್ಗನ್ನನ್ನು ತೊರಕುಸು ಯಮಹಾ ರಿಪೇರಿ ಮಾಡುವುದರಿಂದ. ಹಮಾಮತ್ಸು ಮತ್ತು ಸಕಿಚಿಯವರ ಕೊಸಾಯ್ ಅಕ್ಕಪಕ್ಕದ ಊರುಗಳು. ಯಮಹಾದ ಲಾಂಛನದಲ್ಲಿ ಇವತ್ತಿಗೂ ಮೂರು ಶ್ರುತಿಕವೆಗಳಿವೆ. ಎಲ್‌ಎಫ್‌ಎಯ ದನಿಯನ್ನು ಹದ ಮಾಡುವಾಗ ಮೋಟಾರಿನವರ ಜೊತೆ ವಾದ್ಯ ಮಾಡುವವರೂ ಕೂತರು. ಗಾಳಿ ಒಳಸೇರುವ ತೊಟ್ಟಿ ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ. ಇಲ್ಲಿ ಅದರ ಮೇಲ್ಮೈಯನ್ನು, ಅದರ ಏಣುಗಳನ್ನು, ವೀಣೆಯ ಕೊಡದ ಹಾಗೆ ದನಿಗೆ ಸ್ಪಂದಿಸುವಂತೆ ರೂಪಿಸಿದರು. ಅಲ್ಲಿಂದ ಕೊಳವೆಗಳ ಮೂಲಕ ಆ ದನಿ ಚಾಲಕನ ಮುಂದಿನ ಹಲಗೆಯ ಕಡೆಗೆ ಬರುತ್ತದೆ, ಇನ್ನೊಂದು ಪಾಲು ಹಿಂದುಗಡೆ ತ್ರಿಕೋನವಾಗಿ ಜೋಡಿಸಿದ ಮೂರು ಸೈಲೆನ್ಸರ್ ಬಾಯಿಗಳಿಂದ ಹೊರಡುತ್ತದೆ. ಅದೇ ಕಾಲದಲ್ಲಿ ಬೇರೆ ದೊಡ್ಡ ಕಂಪನಿಗಳು ಎಂಜಿನ್ನಿನ ದನಿಯನ್ನು ಕಾರಿನ ಸ್ಪೀಕರುಗಳಲ್ಲಿ ನುಡಿಸಲು ಶುರುಮಾಡಿದ್ದವು. ಇಲ್ಲಿ ಸ್ಪೀಕರಿನ ಸಹಾಯವಿಲ್ಲ. ಕಿವಿಗೆ ಬೀಳುವುದೆಲ್ಲ ಗಾಳಿ, ಲೋಹ, ಬೆಂಕಿ.

ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಚಾಲಕನ ಪಕ್ಕದಲ್ಲಿ ಮೈಕ್ ಇಟ್ಟು ಮುದ್ರಿಸಿದ ದನಿಯನ್ನು ಚಿತ್ರ ನೋಡದೆ ಕೇಳಬೇಕು. 3000ದ ಹತ್ತಿರ ಅದು ದಪ್ಪ, ಸ್ವಲ್ಪ ಒರಟು, ಎದೆಯಿಂದ ಬಂದಂತೆ. 5000 ಆದಮೇಲೆ ಒಳಗಿನ ಗಾಳಿಯ ದನಿಯೂ ಹೊರಗಿನ ಹೊಗೆಯ ದನಿಯೂ ಬೇರೆ ಬೇರೆಯಾಗಿ ಕೇಳುತ್ತವೆ, ಒಂದು ಮುಂದಿನಿಂದ, ಒಂದು ಹಿಂದಿನಿಂದ. 7000 ದಾಟಿತೆನ್ನುವಾಗ ಎರಡೂ ಕೂಡಿಕೊಂಡು ಒಂದೇ ಸ್ವರ. ಅಲ್ಲಿಂದ ಮುಂದೆ ಕಿರಿಚಾಟಕ್ಕೆ ಎಡೆಯೇ ಇಲ್ಲ. ಏರಿದಷ್ಟೂ ದನಿ ಶುಭ್ರವಾಗುತ್ತ ಹೋಗುತ್ತದೆ. ಇಂಥ ವೇಗದ ಎಂಜಿನ್ನುಗಳು ತುದಿಯಲ್ಲಿ ಬಳಲುವುದನ್ನು ಕೇಳಿ ಗೊತ್ತಿದ್ದವರಿಗೆ ಈ ಶುಭ್ರತೆ ಎಷ್ಟು ಅಪರೂಪದ್ದೆಂದು ತಟ್ಟನೆ ತಿಳಿಯುತ್ತದೆ. ನನ್ನ ಮಟ್ಟಿಗೆ ರಸ್ತೆಯ ಕಾರುಗಳಲ್ಲಿ ಇದಕ್ಕೆ ಸಮನಾದ ದನಿ ಇಲ್ಲ, ಇಟಲಿಯವರದ್ದನ್ನೂ ಸೇರಿಸಿ.

ಹಾಗಿದ್ದರೆ ಅದು ಬಂದಾಗ ಜನ ಯಾಕೆ ಮುಗಿಬೀಳಲಿಲ್ಲ? ಅಂಕಿಗಳಿಂದಾಗಿ. ಅಮೆರಿಕದಲ್ಲಿ ಅದರ ಬೆಲೆ 3,75,000 ಡಾಲರ್. ಫೆರಾರಿ 458 ಇದಕ್ಕಿಂತ ಎಷ್ಟೋ ಅಗ್ಗ, ಶಕ್ತಿಯಲ್ಲಿ ಒಂದು ಗುಲಗಂಜಿ ಹೆಚ್ಚೇ. ನಿಸಾನ್ ಜಿಟಿ-ಆರ್ ಕಾಲುಭಾಗಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿತ್ತು, ಓಟದಲ್ಲಿ ಇದರ ಬೆವರಿಳಿಸುತ್ತಿತ್ತು. ಮೂಗಿನ ಮೇಲೆ ಫೆರಾರಿಯ ಕುದುರೆಯ ಚಿಹ್ನೆ ಇಲ್ಲದ ಕಾರಿಗೆ ಇಷ್ಟು ದುಡ್ಡೇ ಎಂದರು. 2017ರಲ್ಲೂ ಅಮೆರಿಕದ ಷೋರೂಮುಗಳಲ್ಲಿ ಹನ್ನೆರಡರಷ್ಟು ಹೊಸ ಎಲ್‌ಎಫ್‌ಎಗಳು ಕೊಳ್ಳುವವರಿಲ್ಲದೆ ಉಳಿದಿದ್ದವು. ಇವತ್ತು ಅದೇ ಕಾರು ಹರಾಜಿಗೆ ಬಂದರೆ ಮೂಲ ಬೆಲೆಯ ಎರಡು ಪಟ್ಟನ್ನು ಸಲೀಸಾಗಿ ದಾಟುತ್ತದೆ. ಬೆಲೆ ಏರಿದ್ದಕ್ಕೇ ಅದು ಕ್ಲಾಸಿಕ್ ಎಂದು ನಾನು ಒಪ್ಪುವುದಿಲ್ಲ. ಬೆಲೆ ಹಣವಂತರ ಹವಾಮಾನ. ಆದರೆ ಮೊದಲು ಯಾವುದನ್ನು ನೋಡಿ ಅಳೆದಿದ್ದರೋ ಅದನ್ನು ಜನ ಈಗ ನೋಡುತ್ತಿಲ್ಲ ಎಂಬುದಂತೂ ನಿಜ.

ಅಂಕಿಯ ಗತಿಯೇ ಅಷ್ಟು. 2011ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಓಟದ ಹಾದಿಯನ್ನು ಎಲ್‌ಎಫ್‌ಎ 7 ನಿಮಿಷ 14 ಸೆಕೆಂಡಿನಲ್ಲಿ ಸುತ್ತಿದಾಗ ದೊಡ್ಡ ಸುದ್ದಿಯಾಯಿತು. ಪೋರ್ಷೆಯ ನಾಲ್ಕು ಬಾಗಿಲಿನ, ಭಾರದ ವಿದ್ಯುತ್ ಕಾರು ಟೇಕಾನ್ ಆಮೇಲೆ ಅದನ್ನು 7 ನಿಮಿಷ 7 ಸೆಕೆಂಡಿನಲ್ಲಿ ಸುತ್ತಿದೆ. ವೇಗದ ದಾಖಲೆಯನ್ನೇ ನಂಬಿ ಬಂದ ಕಾರುಗಳು ಮುಂದಿನ ದಾಖಲೆಯ ದಿನವೇ ಹಳತಾಗುತ್ತವೆ.

ಟೊಯೋಟಾದ ಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. 1967ರಿಂದ 1970ರವರೆಗೆ, 350ರ ಆಸುಪಾಸು ಮಾತ್ರ ತಯಾರಾದ 2000ಜಿಟಿ. ಅದರಲ್ಲೂ ಜೊತೆಗಾರ ಯಮಹಾವೇ. ಅದೂ ಜಾಗ್ವಾರ್ ಇ-ಟೈಪಿಗಿಂತ ದುಬಾರಿ ಎನಿಸಿಕೊಂಡಿತ್ತು. 1966ರಲ್ಲಿ ಯತಾಬೆಯ ಪರೀಕ್ಷಾ ಹಾದಿಯಲ್ಲಿ 72 ಗಂಟೆ ಸರಾಸರಿ 206 ಕಿ.ಮೀ. ವೇಗದಲ್ಲಿ ಓಡಿ ದಾಖಲೆ ಮಾಡಿತ್ತು. ಆ 206 ಇವತ್ತು ಯಾರಿಗೆ ಬೇಕು? ಹೈವೇಯಲ್ಲಿ ಹೋಗುವ ಸಾಧಾರಣ ಡೀಸೆಲ್ ಕಾರೂ ಆ ವೇಗ ಮುಟ್ಟಬಲ್ಲದು. ಜನ ನೋಡುವುದು ಸತೊರು ನೊಜಾಕಿ ಎಳೆದ ಆ ಉದ್ದ ಬಾನೆಟ್ಟಿನ ಗೆರೆಯನ್ನು, ಹಿಂದಿನ ಚಕ್ರದ ಮೇಲೆ ಅದು ಮೆಲ್ಲಗೆ ಉಬ್ಬಿ ತಗ್ಗುವುದನ್ನು, ಪಿಯಾನೊ ಮಾಡುವವರ ಕೈಯಲ್ಲಿ ಹೊಳಪು ಪಡೆದ ಮರದ ಡ್ಯಾಶ್‌ಬೋರ್ಡನ್ನು. 2013ರಲ್ಲಿ ಅಂಥದೊಂದು ಕಾರು ಹರಾಜಿನಲ್ಲಿ 10 ಲಕ್ಷ ಡಾಲರ್ ದಾಟಿತು. ನೋಟದಲ್ಲಿ 2000ಜಿಟಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಎಲ್‌ಎಫ್‌ಎಯ ಮೂಗಿನ ಸುತ್ತ ಸೀಳುಗಳು ಹೆಚ್ಚಾದವು. ರೇಡಿಯೇಟರನ್ನು ಹಿಂದಿಟ್ಟದ್ದರಿಂದ ಹಿಂಬದಿಯಲ್ಲೂ ಗಾಳಿಕಿಂಡಿಗಳು. ಅದನ್ನು ಒಂದು ಪಕ್ಕದಿಂದ ನೋಡಬೇಕು. ಸಂಜೆಯ ಬೆಳಕು ಬಾಗಿಲಿನ ಮೇಲೆ ಬಿದ್ದಾಗ ಆ ಮೈಯ ಬಿಗಿ ಕಾಣುತ್ತದೆ.

ಗೇರಿನ ವಿಷಯಕ್ಕೂ ಬರಬೇಕು. ಎಲ್‌ಎಫ್‌ಎಯದ್ದು ಒಂದೇ ಕ್ಲಚ್ಚಿನ ಆರು ಗೇರು. ಕ್ಲಚ್ಚನ್ನು ತುಳಿಯುವ ಕೆಲಸ ಯಂತ್ರದ್ದು, ಗೇರ್ ಬದಲಿಸುವ ಆಜ್ಞೆ ಚಾಲಕನ ಬೆರಳಿನದು. ಎರಡು ಕ್ಲಚ್ಚಿನ ಗೇರ್‌ಬಾಕ್ಸು ಆಗಲೇ ಬಂದಿತ್ತು, ಅದರಲ್ಲಿ ಗೇರ್ ಬದಲಾದದ್ದೇ ತಿಳಿಯುವುದಿಲ್ಲ. ಇಲ್ಲಿ ಪ್ರತಿ ಬದಲಾವಣೆಗೂ ಕಾರು ಒಮ್ಮೆ ತಲೆಯಾಡಿಸುತ್ತದೆ. ವಿಮರ್ಶಕರು ಇದನ್ನು ಬೈದರು. ನಿಧಾನದ ಓಟದಲ್ಲಿ ಅದು ತೊಡಕೇ, ಒಪ್ಪುತ್ತೇನೆ. ಮೂರು ಪೆಡಲಿನ ಕೈ ಗೇರ್ ಇಟ್ಟಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ, ಎಲ್ಲರೂ ಮೊದಲ ದಿನವೇ ಒಪ್ಪಿಬಿಡುತ್ತಿದ್ದರು.

ಕಾರಿಗೂ ರುಚಿ ಇರುತ್ತದೆ, ಅದನ್ನು ಓಡಿಸಿ ಓಡಿಸಿಯೇ ಹದಕ್ಕೆ ತರಬೇಕು ಎನ್ನುವ ಜಾತಿಯ ಚಾಲಕರಿದ್ದಾರೆ. 1963ರಲ್ಲಿ ಟೊಯೋಟಾ ಸೇರಿದ ಹಿರೊಮು ನರುಸೆ ಅಂಥವರು. ಕಂಪನಿಯ ಪರೀಕ್ಷಾ ಚಾಲಕರಿಗೆಲ್ಲ ಹಿರಿಯರು. ಸಕಿಚಿಯವರ ಮನೆತನದ ಅಕಿಯೊ ಟೊಯೋಡಾ ಅವರಿಗೆ ಓಟದ ಚಾಲನೆ ಕಲಿಸಿದವರು. ಅಕಿಯೊ, ಮೊರಿಜೊ ಎಂಬ ಹೆಸರಿನಲ್ಲಿ, ನ್ಯೂರ್ಬರ್ಗ್‌ರಿಂಗಿನ 24 ಗಂಟೆಗಳ ಓಟಕ್ಕಿಳಿದದ್ದೂ ಈ ಗುರುವಿನ ಜೊತೆಯಲ್ಲೇ. ಎಲ್‌ಎಫ್‌ಎಯನ್ನು ವರ್ಷಗಟ್ಟಲೆ ಆ ಹಾದಿಯಲ್ಲಿ ಓಡಿಸಿ ತಿದ್ದಿದವರು ನರುಸೆ. 2010ರ ಜೂನ್ 23ರಂದು, ಆ ಹಾದಿಯ ಹತ್ತಿರದ ಸಾರ್ವಜನಿಕ ರಸ್ತೆಯಲ್ಲಿ, ಎಲ್‌ಎಫ್‌ಎಯನ್ನೇ ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡರು. 67 ವರ್ಷ. ತಯಾರಿ ಶುರುವಾಗಲು ಇನ್ನು ಆರೇ ತಿಂಗಳಿತ್ತು. ಈ ಕಾರಿನ ಸ್ಟೀರಿಂಗಿನಲ್ಲಿ, ತಿರುವಿನಲ್ಲಿ ಅದು ಭಾರ ಹಂಚಿಕೊಳ್ಳುವ ಬಗೆಯಲ್ಲಿ ಅವರ ಕೈ ಇದೆ.

ಇನ್ನು ಆ ಪರದೆ. ಹಳೆಯ ಕಾರಿನ ಮುಳ್ಳು ಮುರಿದರೆ ಒಳ್ಳೆಯ ಗಡಿಯಾರ ರಿಪೇರಿಯವರು ಹೊಸದೊಂದನ್ನು ಮಾಡಿಕೊಟ್ಟಾರು. ಪರದೆ ಸತ್ತರೆ ಅದರ ಹಿಂದಿನ ಚಿಪ್, ಆ ಚಿಪ್ ಒಳಗಿನ ಸಾಫ್ಟ್‌ವೇರು ಎಲ್ಲ ಬೇಕು. ಈ ಕಾಲದ ಕಾರುಗಳಿಗೆಲ್ಲ ಇದೇ ಕಂಟಕ. 1990ರ ದಶಕದ ಮೆಕ್‌ಲಾರೆನ್ ಎಫ್1 ಆಗಿದ್ದು 106 ಮಾತ್ರ, ಕ್ಲಾಸಿಕ್ ಎಂದು ಎಲ್ಲರೂ ತಕರಾರಿಲ್ಲದೆ ಒಪ್ಪುವ ಕಾರು. ಅದನ್ನು ಸರ್ವಿಸ್ ಮಾಡಲು ಕಂಪನಿಯವರು ಇಪ್ಪತ್ತು ವರ್ಷ ಕಳೆದಮೇಲೂ ಆ ಕಾಲದ ಕಾಂಪ್ಯಾಕ್ ಲ್ಯಾಪ್‌ಟಾಪುಗಳನ್ನು ಕಾಪಾಡಿಕೊಂಡು ಬಂದಿದ್ದರು. ಬೇರೆ ಕಂಪ್ಯೂಟರಿನ ಜೊತೆ ಆ ಕಾರು ಮಾತಾಡುತ್ತಿರಲಿಲ್ಲ. ನಗುವ ವಿಷಯವಲ್ಲ ಇದು. ಆ ಲ್ಯಾಪ್‌ಟಾಪುಗಳನ್ನು ಎಸೆಯದೆ ಉಳಿಸಿದವರಿಂದಲೇ ಎಫ್1 ಇವತ್ತೂ ಓಡುತ್ತಿದೆ. ಕ್ಲಾಸಿಕ್ ಆಗುವುದು ಅರ್ಧ ಕಾರಿನ ಗುಣದಿಂದ, ಅರ್ಧ ಅದನ್ನು ನೋಡಿಕೊಳ್ಳುವವರಿಂದ.

ನೋಡಿಕೊಳ್ಳುವುದೆಂದರೆ ಬೀಗ ಹಾಕಿ ಇಡುವುದಲ್ಲ. ಎಷ್ಟೋ ಎಲ್‌ಎಫ್‌ಎಗಳು ಹೆಚ್ಚು ಓಡದೆ ತಂಪು ಗ್ಯಾರೇಜುಗಳಲ್ಲಿ ಬಂಡವಾಳವಾಗಿ ಕೂತಿವೆ. ಚಿತ್ರವನ್ನು ಗೋಡೆಗೆ ತೂಗುಹಾಕಿ ಸವಿಯಬಹುದು. ಈ ಕಾರಿನ ಸಾರ ಇರುವುದು ದನಿಯಲ್ಲಿ, ಅದೂ 7000ದ ಆಚೆಗೆ. ಎಂಜಿನ್ ಜೋಡಿಸಿದ ಕುಶಲಕರ್ಮಿ ಅದರ ಮೇಲೆ ತನ್ನ ಸಹಿ ಹಾಕಿ ಕಳಿಸಿದ್ದಾನೆ. ಅವನ ಕೆಲಸ ನಡೆಯುತ್ತಿರುವಾಗ ಕೇಳಬೇಕಾದ್ದು. ವರ್ಷಕ್ಕೆ ನಾಲ್ಕು ಸಲವಾದರೂ ಖಾಲಿ ರಸ್ತೆಗೆ ಕರೆದೊಯ್ಯುವ ಒಡೆಯ ಸಿಕ್ಕ ಎಲ್‌ಎಫ್‌ಎಯೇ ಭಾಗ್ಯವಂತ.

2020ರಲ್ಲಿ ಟೊಯೋಟಾ 2000ಜಿಟಿಯ ಗೇರ್‌ಬಾಕ್ಸಿನ ಬಿಡಿಭಾಗಗಳನ್ನು ಹೊಸದಾಗಿ ತಯಾರಿಸಿ ಕೊಡಲು ಶುರುಮಾಡಿತು, ಕಾರು ನಿಂತು ಐವತ್ತು ವರ್ಷ ಆದಮೇಲೆ. ಉಕ್ಕಿನ ಗೇರನ್ನು ಮತ್ತೆ ಕೊರೆದು ಮಾಡುವುದು ಅವರಿಗೆ ಕಷ್ಟವೇನಲ್ಲ. ಎಲ್‌ಎಫ್‌ಎಗೆ ಬೇಕಾಗುವುದು ಪರದೆಗಳು, ಗೇರ್ ಬದಲಿಸುವ ಯಂತ್ರದ ನಿಯಂತ್ರಕಗಳು, ಅವುಗಳ ಸಾಫ್ಟ್‌ವೇರು. ಅದನ್ನು ಬರೆದವರು ಇನ್ನೂ ಕೆಲಸದಲ್ಲಿರುವಾಗಲೇ, ಐವತ್ತು ವರ್ಷ ಕಾಯದೆ, ಅವನ್ನೆಲ್ಲ ಒಂದು ಕಡೆ ಸೇರಿಸಿ ಇಡಬೇಕು. ನಾಗೋಯಾದ ಮ್ಯೂಸಿಯಂನಲ್ಲಿ ನೂರು ವರ್ಷದ ಹಿಂದಿನ ಮಗ್ಗಗಳನ್ನು ಇವತ್ತಿಗೂ ಓಡಿಸಿ ತೋರಿಸುವ ಕಂಪನಿಗೆ ಇದು ಆಗದ ಕೆಲಸವಲ್ಲ.